ಮರುಕೂಗು

ಹೊನ್ನಕ್ಕ ಕೂಗಿದರೆ ಬಿಳಿಕಲ್ಲು ಗುಡ್ಡವೇ ತಿರುಗಿ ನೋಡುತ್ತದೆ ಎಂದು ಹಟ್ಟಿಯವರು ಹೇಳುತ್ತಿದ್ದರು. ನೆತ್ತಿಯ ಬಂಡೆಯ ಮೇಲೆ ನಿಂತು, ಎರಡೂ ಅಂಗೈಗಳನ್ನು ಬಾಯಿಯ ಅಕ್ಕಪಕ್ಕ ಇಟ್ಟುಕೊಂಡು ಅವಳು 'ಕೂ' ಎಂದು ಎಳೆದರೆ, ಆ ದನಿ ಇಳಿಜಾರಿಗಿಳಿದು, ಮಾರಿಕಣಿವೆಯ ಹಿನ್ನೀರಿನ ಮೇಲೆ ಜಾರಿ, ಆಚೆ ದಡದಲ್ಲಿ ಬಲೆ ಬಿಡಿಸುತ್ತ ಕೂತ ಮೀನಿನವರನ್ನೂ ಮುಟ್ಟುತ್ತಿತ್ತು. ಸೀತಾಫಲ ಕೀಳುತ್ತ, ಪೊರಕೆ ಹುಲ್ಲು ಕೊಯ್ಯುತ್ತ ಗುಡ್ಡದ ತುಂಬ ಚದುರಿದ್ದ ಹೆಂಗಸರು ಒಬ್ಬೊಬ್ಬರಾಗಿ ಮರುಕೂಗು ಕೊಡುತ್ತಿದ್ದರು. ಯಾರದು ಯಾವ ದನಿ, ಯಾರು ಎಲ್ಲಿದ್ದಾರೆ ಎಂಬುದು ಆಗ ಕಣ್ಣಿಗೆ ಕಂಡಷ್ಟೇ ಸ್ಪಷ್ಟ.

ಕೂಗಿಗೆ ಮರುಕೂಗು ಕೊಡಲೇಬೇಕು. ಅದು ಹಟ್ಟಿಯ ಕಟ್ಟು. ಅತ್ತೆಯ ಮೇಲೆ ಮುನಿಸಿರಲಿ, ಬಾಯಿ ತುಂಬ ಎಲೆ ಅಡಿಕೆ ಇರಲಿ, ಕೊಡಲೇಬೇಕು. ಕರಡಿಗೂ ಚಿರತೆಗೂ ಮನುಷ್ಯರು ಬಂದಿದ್ದಾರೆಂದು ಅದರಿಂದಲೇ ಗೊತ್ತಾಗಬೇಕು. ಮೇಲಿನಿಂದ ಒಣಗಿದ ಮರ ಉರುಳಿಸುವ ಗಂಡಸರೂ ಮೊದಲು ಕೂಗಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ಮರುಕೂಗು ಬಂದರೆ ತಡೆಯುತ್ತಿದ್ದರು, ಬಾರದಿದ್ದರೆ ಕೆಳಗೆ ಯಾರೂ ಇಲ್ಲವೆಂದು ಉರುಳಿಸುತ್ತಿದ್ದರು. ಅಜ್ಜ ಮುತ್ತಜ್ಜರ ಕಾಲದಿಂದಲೂ ಆ ಲೆಕ್ಕ ತಪ್ಪಿದ್ದಿಲ್ಲ.

ಹೇಮಾವತಿ ಈ ಹಟ್ಟಿಗೆ ಸೊಸೆಯಾಗಿ ಬಂದಾಗ ಅವಳಿಗೆ ಕೂಗಲು ಬರುತ್ತಿರಲಿಲ್ಲ. ಅವಳದು ಹೊಳಲ್ಕೆರೆ ಕಡೆ, ತೋಟದ ಕೂಲಿಯವರ ಮನೆ. ಹೆಣ್ಣುಮಕ್ಕಳು ಗಟ್ಟಿಯಾಗಿ ನಕ್ಕರೂ ಗದರುವ ಮನೆ. ಅವಳ ಗಂಡ ದೊಡ್ಡತಿಮ್ಮಪ್ಪನ ಅಣ್ಣನ ಹೆಂಡತಿ ಹೊನ್ನಕ್ಕ, ಆಗಲೇ ಗಂಡನನ್ನು ಕಳೆದುಕೊಂಡಿದ್ದವಳು, ಇವಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ ಬಂಡೆಯ ಮೇಲೆ ನಿಲ್ಲಿಸಿದ್ದಳು.

"ಕೂಗು."

ಹೇಮಾವತಿ ಕೂಗಿದಳು.

"ಥೂ, ಕೋಳಿಮರಿ ಕಾಲು ತುಳಿದಂಗಾತು. ಹೊಟ್ಟೆಯಿಂದ ಕೂಗೇ. ಇಲ್ಲಿ ಯಾವ ಅತ್ತೆನೂ ಇಲ್ಲ, ಮಾವನೂ ಇಲ್ಲ."

ಎರಡನೆಯ ಸಲ ಕೂಗಿದಾಗ ಕೊನೆಯಲ್ಲಿ ದನಿ ತಾನಾಗಿ ಮೇಲಕ್ಕೆದ್ದಿತು, ಪ್ರಶ್ನೆ ಕೇಳಿದ ಹಾಗೆ. ಹೊನ್ನಕ್ಕ ನಕ್ಕು, "ಹೂಂ, ಇದು ನಿಂದು. ಇನ್ನು ಬದಲಿಸಬ್ಯಾಡ" ಎಂದಿದ್ದಳು. ಅಂದಿನಿಂದ ಹಾಗೆ ಬಾಲ ಎತ್ತಿದ ಕೂಗು ಕೇಳಿದರೆ ಅದು ಹೇಮಿ ಎಂದು ಗುಡ್ಡಕ್ಕೆಲ್ಲ ಗೊತ್ತು. ತನ್ನದು ಎಂದು ಹೇಳಿಕೊಳ್ಳುವಂಥದ್ದು ಹೇಮಾವತಿಗೆ ಬದುಕಿನಲ್ಲಿ ಹೆಚ್ಚೇನೂ ಸಿಕ್ಕಿರಲಿಲ್ಲ. ಆ ಕೂಗು ಸಿಕ್ಕಿತ್ತು.

ಡ್ಯಾಮು ತುಂಬಿ ಕೋಡಿ ಬಿದ್ದ ವರ್ಷ ಊರಿಗೆ ಊರೇ ಪೂಜೆಗೆ ಹೋಗಿತ್ತು. ಮುತ್ತೈದೆಯರು ಬಾಗಿನ ಬಿಟ್ಟರು. ಹೊನ್ನಕ್ಕ ದೂರ ನಿಂತು ಕೈ ಮುಗಿದಳು. ಆ ನೀರು ತಮ್ಮ ಬಯಲಿಗೇ ಬಂದು ಕೂರುತ್ತದೆಂದು ಯಾರೂ ಎಣಿಸಿರಲಿಲ್ಲ. ಹಿನ್ನೀರು ಏರಿ ಕುರಿ ಮೇಯುವ ಜಾಗವೆಲ್ಲ ಮುಳುಗಿತು. ಕುರಿಗಳು ಗುಡ್ಡ ಹತ್ತಿದವು. ಜಾಲಿಯ ಪೊದೆಗಳಲ್ಲಿ ಬೀಡುಬಿಟ್ಟಿದ್ದ ಕಾಡುಹಂದಿಗಳೂ ಗುಡ್ಡ ಹತ್ತಿದವು, ಅಲ್ಲಿಂದ ಕತ್ತಲಾದ ಮೇಲೆ ಮೆಕ್ಕೆಜೋಳದ ಹೊಲಗಳಿಗೆ ಇಳಿದವು. ಹೆಂಗಸರಂತೂ ಮೊದಲಿನಿಂದಲೂ ಗುಡ್ಡದಲ್ಲೇ ಇದ್ದವರು. ಹೀಗೆ ಒಂದು ಗುಡ್ಡಕ್ಕೆ ಎಲ್ಲರೂ ಬಂದು ನಿಂತ ಮೇಲೆ ಸಮುದಾಯ ಭವನದಲ್ಲಿ ಸಭೆ ಸೇರಿತು.

ಅರಣ್ಯದ ಸಾಹೇಬರು ಗೋಡೆಗೆ ನಕ್ಷೆ ತೂಗುಹಾಕಿದ್ದರು. ಮೊದಲು ಎದ್ದವರು ಶಿವಕುಮಾರಪ್ಪ. ಗುಡ್ಡದ ಬುಡಕ್ಕೆ ಹೊಂದಿದ ದೊಡ್ಡ ಹೊಲ ಅವರದು.

"ನೋಡ್ರಿ ಸಾಹೇಬ್ರೆ, ಬಿತ್ತೋದು ನಾನು, ಕೊಯ್ಯೋದು ಹಂದಿ. ಪಹಣಿನೂ ಹಂದಿ ಹೆಸರಿಗೆ ಬರಕೊಡೋದೊಂದು ಬಾಕಿ ಐತೆ."

ಜನ ನಕ್ಕರು. ಕುರಿಯವರ ಪರವಾಗಿ ಗಂಗಾಧರಪ್ಪ ಎದ್ದ. "ನಿಮ್ಮ ಹೊಲನಾದ್ರೂ ನೆಲದ ಮ್ಯಾಲೈತೆ ಗೌಡ್ರೆ. ನಮ್ಮ ಬಯಲು ನೀರಾಗೈತೆ. ಕುರಿಗೆ ಈಜು ಕಲಿಸಾಣೇನು?"

ಸಾಹೇಬರು ಸಮಾಧಾನದ ಮನುಷ್ಯ. ಎಲ್ಲರ ಮಾತನ್ನೂ ಕೇಳಿದರು. ಗುಡ್ಡದ ಬುಡದಲ್ಲಿ ಕುರಿಗೆ ಜಾಗ. ಇಳಿಜಾರಿನಲ್ಲಿ ಹಂದಿ ಹೊಡೆಯಲು ಪರವಾನಗಿ ಇರುವ ಶೂಟರ್‌ಗಳಿಗೆ ಅನುಮತಿ. ಅವರು ಹೊರಗಿನವರಾದ್ದರಿಂದ ದಾರಿ ತೋರಿಸಲು ಹಟ್ಟಿಯವನೊಬ್ಬ ಜೊತೆಗಿರಬೇಕು, ಅವನು ಸರಿ ಎನ್ನದೆ ಗುಂಡು ಹಾರಿಸುವಂತಿಲ್ಲ. ಆ ಗೈಡಿನ ಕೆಲಸಕ್ಕೆ ದೊಡ್ಡತಿಮ್ಮಪ್ಪನ ಹೆಸರು ಮೊದಲೇ ಹೋಗಿತ್ತು. ಹಂದಿ ಯಾವ ಹೊತ್ತಿನಲ್ಲಿ ಯಾವ ಸಂದಿಯಿಂದ ಇಳಿಯುತ್ತದೆಂದು ಅವನಷ್ಟು ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ.

ಆಗ ಹೊನ್ನಕ್ಕ ಹೆಂಗಸರ ಮಧ್ಯದಿಂದ ಎದ್ದು ಸೆರಗು ಸಿಕ್ಕಿಸಿದಳು. "ನಮ್ದೊಂದು ಮಾತೈತೆ ಸಾಹೇಬ್ರೆ. ನಾವು ಬಂದೂಕ ಬ್ಯಾಡ ಅನ್ನಲ್ಲ. ದಿನ ಹಂಚಿಕೊಡ್ರಿ. ಬಂದೂಕಕ್ಕೆರಡು ದಿನ ಅನ್ರಿ, ನಮಗೆರಡು ದಿನ ಅನ್ರಿ. ಅವರ ದಿನ ನಾವು ಹತ್ತಲ್ಲ, ನಮ್ಮ ದಿನ ಅವರು ಹತ್ತಬಾರ್ದು."

"ಅಮ್ಮಾ, ಜನ ಓಡಾಡೋ ಜಾಗದಲ್ಲಿ ಬಂದೂಕಿಗೆ ಅನುಮತಿ ಕೊಡೋಕೆ ನನಗೆ ಬರಲ್ಲ. ಕೊಡಬೇಕಂದ್ರೆ ಅಲ್ಲಿ ಜನ ಇರಲೇಬಾರದು. ನಿಮ್ಮ ಜೀವ ಉಳೀಲಿ ಅಂತಲೇ ಹೇಳ್ತಿರೋದು" ಎಂದರು ಸಾಹೇಬರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಇಳಿಜಾರಿಗೂ ನೆತ್ತಿಗೂ ಸಾರ್ವಜನಿಕರ ಪ್ರವೇಶ ನಿಷೇಧ ಎಂದಾಯಿತು. ಆಮೇಲೆ ಅವರು ಹೇಮಾವತಿಯ ಕಡೆ ತಿರುಗಿದರು. ಗ್ರಾಮದ ಅರಣ್ಯ ಸಮಿತಿಯಲ್ಲಿ ಹೆಂಗಸೊಬ್ಬಳು ಇರಬೇಕೆಂದು ಯಾರೋ ಸೇರಿಸಿದ್ದ ಹೆಸರು ಅವಳದು. "ಮಹಿಳಾ ಸದಸ್ಯರು ಏನಂತೀರಿ? ಒಪ್ಪಿಗೆ ಇದ್ರೆ ಕೈ ಎತ್ತಿ."

ಹೇಮಾವತಿ ಹೊನ್ನಕ್ಕನನ್ನು ನೋಡಲಿಲ್ಲ. ಎದುರು ಗೋಡೆಗೊರಗಿ ನಿಂತ ಗಂಡನನ್ನು ನೋಡಿದಳು. ಬಯಲು ಮುಳುಗಿ ಕುರಿ ಮಾರಿದ ಮೇಲೆ ಅರಳಿಕಟ್ಟೆಯ ಮೇಲೆ ಕೂತು ಕೂತು ಅವನ ಬೆನ್ನು ಬಾಗಿಹೋಗಿತ್ತು. ಮನೆಯಲ್ಲಿ ಉಪ್ಪು ಬೇಕೆಂದು ಕೇಳಲೂ ಹಿಂಜರಿಯುವವನಾಗಿದ್ದ. ಅವನು ಈಗ ಅವಳನ್ನೇ ನೋಡುತ್ತಿದ್ದ. ಬೇಡುವ ನೋಟವಲ್ಲ, ಬೇಡಿಕೆಯನ್ನು ಬಚ್ಚಿಡುವ ನೋಟ. ಹೆಂಡತಿಯಾದವಳಿಗೆ ಅದೇ ಹೆಚ್ಚು ಚುಚ್ಚುವುದು. ನಿಷೇಧ ಕಾಗದದ ಮೇಲಿರುತ್ತದೆ, ಗುಡ್ಡ ಗುಡ್ಡದ ಜಾಗದಲ್ಲೇ ಇರುತ್ತದೆ, ಎಂದಿನಂತೆ ಹೋಗಿಬಂದರಾಯಿತು ಎಂದು ಅವಳ ಮನಸ್ಸು ಒಂದು ದಾರಿ ಹುಡುಕಿಕೊಂಡಿತು. ಕೈ ಎತ್ತಿದಳು.

ಅಂದು ಸಂಜೆ ಹೊನ್ನಕ್ಕ ಒಂದೇ ಜಗುಲಿಯ ಮೇಲೆ ಅವಳ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಹೇಳಿದಳು, "ನನಗೆ ಸಿಟ್ಟಿಲ್ಲ ಕಣೆ. ತಿಮ್ಮನ ಮಖ ನಾನೂ ನೋಡ್ದೆ. ಆ ಜಾಗದಾಗೆ ನಾನಿದ್ದು, ನನ್ನ ಗಂಡ ಬದುಕಿದ್ದು ಹಂಗೆ ನೋಡಿದ್ರೆ ನಾನು ಎರಡೂ ಕೈ ಎತ್ತುತಿದ್ದೆ."

ಬೈದಿದ್ದರೆ ಹೇಮಾವತಿಗೆ ಹಗುರವಾಗುತ್ತಿತ್ತು.

ಸೀತಾಫಲದ ಕಾಲ ಬಂತು. ಹೆಂಗಸರು ಹೋಗದೆ ಇರಲಿಲ್ಲ. ಹಣ್ಣು ಕಣ್ಣು ಬಿಟ್ಟು ಕರೆಯುವಾಗ ಯಾವ ನಿಷೇಧ ಕಾಲು ಕಟ್ಟೀತು? ಆದರೆ ಈಗ ಅರಣ್ಯದವರು ಕಾವಲಿಗಿಟ್ಟ ವಾಚರ್‌ಗಳಿದ್ದರು. ಒಂದು ಬೆಳಿಗ್ಗೆ ಗುಡ್ಡದ ಮೇಲಿನಿಂದ ಹೆಣ್ಣುದನಿಯ ಕೂಗೊಂದು ಬಂತು. ರೂಢಿಯಂತೆ ಇವರು ಮರುಕೂಗು ಕೊಟ್ಟರು. ಕೂಗಿದವನು ವಾಚರ್. ಮರುಕೂಗಿನ ಜಾಡು ಹಿಡಿದು ಬಂದು ಎಲ್ಲರ ಪುಟ್ಟಿ, ಕುಡುಗೋಲು ಕಸಿದುಕೊಂಡ. ಬಳಗದಲ್ಲಿ ಕಿರಿಯಳಾದ ಜಯಶೀಲಾ ಓಡುವಾಗ ಬಿದ್ದು ಮೊಣಕಾಲು ಒಡೆದುಕೊಂಡಳು. ಅಂದೇ ಹೆಂಗಸರು ಮಾರಮ್ಮನ ಗುಡಿಯ ಮುಂದೆ ಮಾತು ಕಟ್ಟಿಕೊಂಡರು: ಇನ್ನು ಮೇಲೆ ಗುಡ್ಡದಲ್ಲಿ ಯಾರೂ ಕೂಗುವುದಿಲ್ಲ, ಯಾರು ಕೂಗಿದರೂ ಮರುಕೂಗು ಕೊಡುವುದಿಲ್ಲ. ಈ ವಿಷಯ ಗಂಡಸರ ಕಿವಿಗೆ ಬೀಳಬಾರದು. ಮುಖ್ಯವಾಗಿ ತಿಮ್ಮಪ್ಪನ ಕಿವಿಗೆ. ಅವನು ಈಗ ಅರಣ್ಯದವರ ಕಡೆಯವನು.

ಗೈಡಿನ ಹೆಂಡತಿ ಗುಡ್ಡ ಹತ್ತುವುದು ಸರಿಯಲ್ಲವೆಂದು ಹೇಮಾವತಿ ಮನೆಯಲ್ಲೇ ಉಳಿದಳು. ಹೊನ್ನಕ್ಕ ಹೊರಡುವುದನ್ನು ಜಗುಲಿಯಿಂದ ನೋಡುತ್ತಿದ್ದಳು. ಗಂಡ ಹೋದ ಮೇಲೂ ಹಸಿರು, ಕೆಂಪು ಬಿಟ್ಟು ಬೇರೆ ಬಣ್ಣ ಉಡದಿದ್ದ ಅಕ್ಕ ಈಗ ಮಾಸಿದ ಮಣ್ಣುಬಣ್ಣದ ಸೀರೆ ಉಟ್ಟು, ಗೋಡೆಯ ನೆರಳು ಹಿಡಿದು ಹೋಗುತ್ತಿದ್ದಳು.

"ಈ ವಯಸ್ಸಿಗೆ ಕಳ್ಳಿ ಆದೆ ನೋಡು" ಎಂದು ಅವಳೇ ನಗುತ್ತಿದ್ದಳು. "ನಮ್ಮವ್ವ ಕಂಡಿದ್ರೆ, ಹಣ್ಣು ಕದಿಯೋಕೆ ಹೋಗೋ ಬದಲು ಗಂಡು ಕದ್ದಿದ್ರೆ ಒಂದು ಹೆಸರಾದ್ರೂ ಬರ್ತಿತ್ತಲ್ಲೇ ಅಂತಿದ್ಲು."

ಹೇಮಾವತಿಗೆ ನಗು ಬರುತ್ತಿರಲಿಲ್ಲ. ಗಂಡನನ್ನು ಒಮ್ಮೆ ಸುಳಿವು ಬಿಟ್ಟುಕೊಡದಂತೆ ಕೇಳಿದ್ದಳು. "ಅಲ್ರಿ, ಅಲ್ಲಿ ಯಾರಾದ್ರೂ ಹೆಂಗಸ್ರಿದ್ರೆ?"

"ಇದ್ರೆ ಕೂಗ್ತಾರಲ್ಲ" ಎಂದಿದ್ದ ಅವನು ಬೂಟಿನ ದಾರ ಕಟ್ಟುತ್ತ. ಶೂಟರ್‌ಗಳು ಕೊಟ್ಟ ಜಾಕೀಟು, ಬೂಟು ಹಾಕಿಕೊಂಡ ಮೇಲೆ ಅವನ ಬೆನ್ನು ನಿಜವಾಗಿಯೂ ನೆಟ್ಟಗಾಗಿತ್ತು. "ನಾನೇನು ಪ್ಯಾಟೆಯೋನಾ? ನನಗೆ ಕಿವಿಯಿಲ್ವಾ?"

ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ವಾಚರ್‌ಗಳಿಗೆ ತಿಳಿಸಬೇಕು, ಅದು ಅವನ ಕೆಲಸ. ತಿಳಿಸದಿದ್ದರೆ ಕೆಲಸಕ್ಕೆ ದ್ರೋಹ, ತಿಳಿಸಿದರೆ ಅತ್ತಿಗೆಗೆ ದ್ರೋಹ. ಆ ಕತ್ತರಿಯಲ್ಲಿ ಅವನನ್ನು ಏಕೆ ಸಿಕ್ಕಿಸಬೇಕೆಂದು ತಾನೇ ಸಿಕ್ಕಿಕೊಂಡು ಕೂತಳು. ಗಂಡನಿಗೂ ಅಕ್ಕನಿಗೂ ನಡುವೆ ತಾನು ಬಾಗಿಲಿನ ಹಾಗೆ ನಿಂತರೆ ಸಾಕು, ಇಬ್ಬರೂ ತಗುಲದಂತೆ ನೋಡಿಕೊಂಡರೆ ಸಾಕು ಎನಿಸಿತು. ಹೆಂಗಸಿಗೆ ಚಿಕ್ಕಂದಿನಿಂದ ಕಲಿಸಿದ ವಿದ್ಯೆಯೇ ಅದಲ್ಲವೆ?

ಅದಕ್ಕೊಂದು ಉಪಾಯ ಮಾಡಿದಳು. ಶೂಟರ್‌ಗಳು ಬರುವ ದಿನ ಮುಂಚೆಯೇ ಫೋನು ಬರುತ್ತಿತ್ತು. ಆ ದಿನ ಅವಳು ಹಿತ್ತಲಿನ ಎತ್ತರದ ಗೋಡೆಯ ಮೇಲೆ ಕೆಂಪು ಕೌದಿ ಹರಡುವಳು. ಗುಡ್ಡದ ದಾರಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಕೌದಿ ಕಂಡರೆ ಹೊನ್ನಕ್ಕನ ಬಳಗ ಹಿಂತಿರುಗುತ್ತಿತ್ತು. ಸಭೆಯಲ್ಲಿ ಕೇಳಿ ಸಿಗದಿದ್ದ ದಿನದ ಹಂಚಿಕೆಯನ್ನು ಅತ್ತೆ ಹೊಲಿದ ಹಳೆಯ ಕೌದಿಯೊಂದು ಸದ್ದಿಲ್ಲದೆ ನಡೆಸಿಕೊಡುತ್ತಿತ್ತು. "ಸಾಹೇಬ್ರ ನಕ್ಷೆಗಿಂತ ನಮ್ಮತ್ತೆ ತೇಪೆನೇ ವಾಸಿ" ಎಂದಿದ್ದಳು ಹೊನ್ನಕ್ಕ. ಕೆಲವು ವಾರ ಎಲ್ಲವೂ ಹಾಗೇ ಸಾಗಿತು. ಹೇಮಾವತಿ ರಾತ್ರಿ ನಿದ್ದೆ ಮಾಡತೊಡಗಿದಳು.

ಆ ಬೆಳಿಗ್ಗೆ ಫೋನು ಬಂದಿರಲಿಲ್ಲ. ಹೊನ್ನಕ್ಕ ಮತ್ತು ಜಯಶೀಲಾ ಇಬ್ಬರೇ ನಸುಕಿನಲ್ಲೇ ಹೊರಟಿದ್ದರು. ಹೇಮಾವತಿ ನೀರಿಗೆಂದು ಟ್ಯಾಂಕಿನ ಹತ್ತಿರ ಹೋಗಿ ಸರದಿಗೆ ಕಾದು ಬರುವಷ್ಟರಲ್ಲಿ ಮನೆಯ ಮುಂದೆ ಜೀಪಿನ ಗಾಲಿಯ ಗುರುತು ಬಿದ್ದಿತ್ತು. ಮೊಳೆಯ ಮೇಲೆ ಜಾಕೀಟು ಇರಲಿಲ್ಲ. ಶಿವಕುಮಾರಪ್ಪನವರ ಜೋಳವನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ನೆಲಸಮ ಮಾಡಿವೆಯಂತೆ, ಅವರೇ ಶೂಟರ್‌ಗಳನ್ನು ಕರೆಸಿ ಗೈಡನ್ನು ಹತ್ತಿಸಿಕೊಂಡು ಹೋದರಂತೆ. ಪಕ್ಕದ ಮನೆಯವರು ಹೇಳಿದರು.

ಕೊಡ ಕೆಳಗಿಟ್ಟಳೋ ಬಿಟ್ಟಳೋ ಅವಳಿಗೆ ನೆನಪಿಲ್ಲ. ಕೌದಿ ಎಳೆದು ಗೋಡೆಯ ಮೇಲೆ ಹರಡಿದಳು. ತಲೆಯೆತ್ತಿ ನೋಡಿದರೆ ಗುಡ್ಡವೇ ಇರಲಿಲ್ಲ. ಡ್ಯಾಮು ತುಂಬಿದಾಗಿನಿಂದ ಹಿನ್ನೀರಿನ ಮಂಜು ಬೆಳಗಿನ ಹೊತ್ತು ಹೀಗೆ ಎದ್ದು ಕವಿಯುತ್ತಿತ್ತು. ಇಲ್ಲಿಂದ ಗುಡ್ಡ ಕಾಣದಿದ್ದರೆ ಅಲ್ಲಿಂದ ಕೌದಿ ಹೇಗೆ ಕಾಣಬೇಕು? ಗಂಡನಿಗೆ ಫೋನು ಮಾಡಿದಳು. ಬಂದ್ ಆಗಿತ್ತು. ಸದ್ದಿಗೆ ಹಂದಿ ಬೆದರಬಾರದೆಂದು ಅವನು ಯಾವಾಗಲೂ ಬಂದ್ ಮಾಡಿಕೊಳ್ಳುತ್ತಿದ್ದ.

ಚಪ್ಪಲಿಯಿಲ್ಲದೆ ಓಡಿದಳು. ಗುಡ್ಡದ ಬುಡದ ಗುಂಡುಕಲ್ಲಿನ ಮೇಲೆ ಹತ್ತಿ ನಿಂತಾಗ ಉಸಿರೇ ಉಳಿದಿರಲಿಲ್ಲ. ಕೂಗುವುದಿಲ್ಲವೆಂದು ಮಾತು ಕಟ್ಟಿಕೊಂಡದ್ದು ನೆನಪಿತ್ತು. ಆದರೂ ತನ್ನ ದನಿ ಅಕ್ಕನಿಗೆ ಗೊತ್ತಾಗದೆ ಇದ್ದೀತೆ? ಅವಳೇ ಕಲಿಸಿದ ಕೂಗು. ಇಷ್ಟು ಹೊತ್ತಿನಲ್ಲಿ ಹೇಮಿ ಕೂಗಬೇಕಾದರೆ ಏನೋ ಇದೆ, ಇಳಿದು ಹೋಗಬೇಕು ಎಂದು ಅವಳಿಗೆ ಹೊಳೆಯುತ್ತದೆ. ಎರಡೂ ಅಂಗೈ ಬಾಯಿಗಿಟ್ಟು ಹೊಟ್ಟೆಯಿಂದ ಕೂಗಿದಳು. ಕೊನೆಗೆ ದನಿ ಮೇಲೆದ್ದಿತು.

ಮಂಜು ಆ ಕೂಗನ್ನು ತೆಗೆದುಕೊಂಡಿತು. ಮರುಕೂಗು ಬರಲಿಲ್ಲ. ಕೇಳಿಸಿದೆ, ಇಳಿಯುತ್ತಿದ್ದಾರೆ ಎಂದುಕೊಂಡಳು.

ಆಗ ಗುಂಡಿನ ಸದ್ದಾಯಿತು. ಒಂದೇ ಒಂದು.

ಹಂದಿ ಇರಬಹುದು ಎಂದು ಅವಳು ಬಾಯಿಬಿಟ್ಟೇ ಹೇಳಿಕೊಂಡಳು. ಹಂದಿಯೇ ಇರಬೇಕು. ಮೇಲಿನಿಂದ ಜಯಶೀಲಾಳ ಚೀರಾಟ ಕೇಳುವವರೆಗೂ ಹೇಳಿಕೊಳ್ಳುತ್ತಲೇ ಇದ್ದಳು.

ಪೊಲೀಸರು ಸಮುದಾಯ ಭವನದಲ್ಲೇ ಮೇಜು ಹಾಕಿಕೊಂಡು ಹೇಳಿಕೆ ಬರೆದುಕೊಂಡರು. ಗೋಡೆಯ ಮೇಲೆ ಅದೇ ನಕ್ಷೆ ಇತ್ತು. ದೊಡ್ಡತಿಮ್ಮಪ್ಪ ಜಾಕೀಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಪೊದೆಯಾಗೆ ಏನೋ ಕಂದುಬಣ್ಣದ್ದು ಅಲ್ಲಾಡ್ತಿತ್ತು. ಅವರು ಹೊಡೀಲಾ ಅಂದ್ರು. ನಾನು ತಡೀರಿ ಅಂದೆ" ಎಂದ. ದನಿಯಲ್ಲಿ ಏರಿಳಿತವಿರಲಿಲ್ಲ. "ಆ ಹೊತ್ತಿಗೆ ಕೆಳಗಿಂದ ಕೂಗು ಬಂತು. ನನ್ನ ಹೆಂಡ್ತಿ ಕೂಗು, ನನಗೆ ಗೊತ್ತು. ಮ್ಯಾಲೆ ಯಾರಾದ್ರೂ ಇದ್ರೆ ಈಗ ಮರುಕೂಗು ಕೊಡ್ತಾರೆ, ಕಾಯಾಣ ಅಂದೆ. ಕಾದ್ವಿ. ಬರ್ಲಿಲ್ಲ. ಹೇಮಿ ಕೂಗಿ ಯಾರೂ ಓ ಅನ್ಲಿಲ್ಲ ಅಂದ್ಮೇಲೆ ಗುಡ್ಡದಾಗೆ ಯಾರೂ ಇಲ್ಲ. ಹೊಡೀರಿ ಅಂದೆ."

ಹೇಮಾವತಿ ಬಾಗಿಲ ಬಳಿ ನಿಂತಿದ್ದಳು. ಈ ಮಾತು ಅವಳಿಗೆ ಕೇಳಿಸಿತು, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಾಲ ಕೆಳಗಿನ ನೆಲ ಅಲ್ಲೇ ಇತ್ತು. ಅದೇ ಅವಳಿಗೆ ಸೋಜಿಗ.

ಜಯಶೀಲಾಳನ್ನು ಕೇಳಿದಾಗ ಅವಳು ಪೊಲೀಸರ ಮುಖ ನೋಡಲಿಲ್ಲ, ಹೇಮಾವತಿಯನ್ನೇ ನೋಡಿ ಹೇಳಿದಳು. "ಹೊನ್ನಕ್ಕ ಬಾಯಿ ತೆರೆದಿದ್ಲು ಅಕ್ಕ. 'ಹೇಮಿ ಕಣೆ ಅದು' ಅಂದ್ಲು. ನಾನೇ ಅವಳ ಬಾಯಿ ಮುಚ್ಚಿದೆ. ಮತ್ತೆ ಆ ವಾಚರ್ ಇರ್ತಾನೆ ಅಂತ. ನನ್ನ ಕೈ ಕಿತ್ತಾಕಿ, ಕೌದಿ ಹಾಕ್ಯಾಳಾ ನೋಡಾಣ ಅಂತ ಪೊದೆಯಿಂದ ಎದ್ಲು..."

ಬಾಯಿ ಮುಚ್ಚಿದ್ದ ಆ ಅಂಗೈಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡಳು.

ಹೊನ್ನಕ್ಕ ನಿಷೇಧಿತ ಜಾಗದಲ್ಲಿದ್ದಳು. ಶೂಟರ್‌ಗೆ ಪರವಾನಗಿ ಇತ್ತು. ಗೈಡು ನಿಯಮದಂತೆ ನಿಂತು ಕಾದಿದ್ದ. ಕಾಗದದಲ್ಲಿ ಯಾರ ತಪ್ಪೂ ಕಾಣಲಿಲ್ಲ, ಸತ್ತವಳದೊಂದನ್ನು ಬಿಟ್ಟು. ಶಿವಕುಮಾರಪ್ಪ ಮನೆಗೆ ಬಂದು, ಒಳಗೆ ಬರ್ರಿ, ಕುಂತ್ಕಳ್ರಿ ಎಂದರೂ ಕೂರದೆ ಬಾಗಿಲಲ್ಲೇ ನಿಂತು ಅತ್ತರು. "ನನ್ನ ಜೋಳಕ್ಕೆ ಆಯಮ್ಮನ ಜೀವ ಕೇಳಿರ್ಲಿಲ್ಲ ತಾಯಿ ನಾನು." ಹೇಮಾವತಿ ಅವರಿಗೆ ನೀರು ಕೊಟ್ಟಳು. ಯಾರ ಮೇಲೆ ಸಿಟ್ಟಾಗಬೇಕೆಂದು ಅವಳು ಎಲ್ಲ ಕಡೆ ಹುಡುಕಿದ್ದಳು. ಎಲ್ಲರೂ ಸರಿಯಾದುದನ್ನೇ ಮಾಡಿದ್ದರು. ತಾನೂ.

ತಿಥಿ ಮುಗಿದ ಮೇಲೆ ಇನ್ನೊಂದು ಸಭೆಯಾಯಿತು. ಗುಡ್ಡವನ್ನು ಪೂರ್ತಿ ಮುಚ್ಚುವುದೆಂದೂ ಸುತ್ತ ಕಂದಕ ತೋಡುವುದೆಂದೂ ತೀರ್ಮಾನವಾಯಿತು. ಕುರಿಗೂ ಜಾಗವಿಲ್ಲ. ಗಂಗಾಧರಪ್ಪ ಕೂಗಾಡಿ ಎದ್ದು ಹೋದ. ಶೂಟರ್‌ಗಳ ಯೋಜನೆ ಇಲ್ಲಿ ನಿಲ್ಲುತ್ತದೆ, ಹೊಳಲ್ಕೆರೆ ಕಡೆಯ ಗುಡ್ಡಗಳಲ್ಲಿ ಮುಂದುವರಿಯುತ್ತದೆ ಎಂದರು ಸಾಹೇಬರು. ಅವರು ಹಿಂದಿನ ಸಲಕ್ಕಿಂತ ಇಳಿದುಹೋಗಿದ್ದರು.

ತನ್ನ ತವರಿನ ಕಡೆಯ ಹೆಸರು ಕೇಳಿ ಹೇಮಾವತಿ ಎದ್ದು ನಿಂತಳು. "ಅಲ್ಲಿ ಹೆಂಗಸ್ರು ಕೂಗ್ತಾರಾ ಸಾಹೇಬ್ರೆ?"

"ಏನಮ್ಮಾ?"

"ಅಲ್ಲಿಯೋರು. ಗುಡ್ಡದಾಗೆ. ಕೂಗಿದ್ರೆ ಓ ಅಂತಾರಾ?"

ಸಾಹೇಬರಿಗೆ ಅರ್ಥವಾಗಲಿಲ್ಲ. ದುಃಖದಲ್ಲಿದ್ದಾಳೆಂದು ತಿಳಿದು ಮೆಲ್ಲಗೆ ಕೈಮುಗಿದರು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಾಗ, ಮತ್ತೆ ಕೂತಿದ್ದ ಅವಳ ಕೈ ಮಡಿಲಲ್ಲೇ ಇತ್ತು. ಅದರಿಂದ ಏನೂ ನಿಲ್ಲಲಿಲ್ಲ.

ಹಣ್ಣು ಗಿಡದಲ್ಲೇ ಕೊಳೆಯಿತು. ಅದನ್ನು ತಿನ್ನಲು ಇನ್ನಷ್ಟು ಹಂದಿ ಬಂದವು. ದೊಡ್ಡತಿಮ್ಮಪ್ಪ ಮಾತು ಬಿಟ್ಟ. ಅರಳಿಕಟ್ಟೆಗೂ ಹೋಗಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದ, ತಟ್ಟೆ ನೋಡಿ ಉಣ್ಣುತ್ತಿದ್ದ. ಏಕೆ ಕೂಗಿದೆ ಎಂದು ಅವನು ಅವಳನ್ನು ಕೇಳಲಿಲ್ಲ. ಮರುಕೂಗು ಬಾರದೆಂದು ನನಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ ಎಂದು ಅವಳೂ ಹೇಳಲಿಲ್ಲ. ಹೇಳಿದರೆ ಅವನ ಭಾರ ಅರ್ಧ ಇಳಿದೀತು ಎನಿಸುತ್ತಿತ್ತು. ಬಾಯಿಯವರೆಗೆ ಬಂದು, ಜಯಶೀಲಾಳ ಅಂಗೈಯೇ ಅಡ್ಡ ಬಂದಂತೆ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಅವನು ಬರಿಗಾಲಿನಲ್ಲಿ ಗುಡ್ಡದ ಕಡೆ ಹೊರಟ. ಕಂದಕದ ಹಸಿಮಣ್ಣು ದಾಟಿ ಮಂಜಿನೊಳಗೆ ಸೇರಿಹೋದ. ಅವಳು ಚೊಂಬು ಹಿಡಿದುಕೊಂಡೇ ನಿಂತಳು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಬಂತು. ಗಂಡಸಿನ ಒಡೆದ ದನಿ, ಮರ ಉರುಳಿಸುವ ಮುಂಚೆ ಕೂಗುತ್ತಿದ್ದ ಹಾಗೆಯೇ. ಹಟ್ಟಿಯ ಅಂಗಳಗಳಲ್ಲಿ ಕಸ ಗುಡಿಸುತ್ತಿದ್ದ ಹೆಂಗಸರ ಪೊರಕೆಗಳು ನಿಂತವು. ಯಾರೂ ಓ ಎನ್ನಲಿಲ್ಲ.

ಅವನು ಮತ್ತೆ ಕೂಗಿದ.

ಹೇಮಾವತಿ ಚೊಂಬು ಕೆಳಗಿಟ್ಟಳು. ಎರಡೂ ಅಂಗೈಗಳನ್ನು ಬಾಯಿಯ ಪಕ್ಕಕ್ಕೆ ತಂದಳು. ಹೊಟ್ಟೆ ತುಂಬ ಉಸಿರೆಳೆದುಕೊಂಡಳು. ಮೇಲೆ ಅವನು ಕಿವಿಗೊಟ್ಟು ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತು. ಎಷ್ಟು ಹೊತ್ತು ಕಾಯುತ್ತಾನೆಂಬುದೂ ಗೊತ್ತು. ಆದರೆ ಅವಳ ಹಿಂದಿನ ಕೂಗಿನ ಬೆನ್ನಿಗೇ ಬಂದ ಗುಂಡಿನ ಸದ್ದು ಇನ್ನೂ ಕಿವಿಯಲ್ಲಿತ್ತು, ಅಂಗೈಗಳು ಹಾಗೇ ಕೆಳಗಿಳಿದವು.

ಮೂರನೆಯ ಕೂಗು ಬರಲಿಲ್ಲ. ಕೆಳಗೆ ಯಾರೂ ಇಲ್ಲವೆಂದು ಅವನು ತಿಳಿದಿರಬೇಕು.